ದೇಹದ ಸಾಕ್ಷ್ಯ

ಕಣ್ಣಿನ ಬಳಿಗೆ ಧೂಳಿನ ಕಣವೊಂದು ಹಾರಿಬಂದರೆ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಮುಚ್ಚಿಕೊ ಎಂದು ಅದಕ್ಕೆ ಯಾರೂ ಅಪ್ಪಣೆ ಕೊಟ್ಟಿರುವುದಿಲ್ಲ. ಮುಚ್ಚಿಕೊಂಡಿತೆಂದು ಯಾರೂ ಅದನ್ನು ಹೊಗಳುವುದಿಲ್ಲ, ತೆಗಳುವುದೂ ಇಲ್ಲ. ಏಕಾದಶಿಯ ದಿನ ನೆರೆಮನೆಯ ಒಗ್ಗರಣೆಯ ಘಮ ಬಂದು ಬಡಿದರೆ ನಿರಶನದಲ್ಲಿರುವವನ ಬಾಯಲ್ಲಿಯೂ ನೀರೂರುತ್ತದೆ. ಆ ಕಾರಣದಿಂದ ಅವನ ವ್ರತ ಕೆಟ್ಟಿತೆಂದು ಯಾವ ಪುರೋಹಿತನೂ ಹೇಳಿದ್ದನ್ನು ನಾನು ಕೇಳಿಲ್ಲ. ವ್ರತ ಹಿಡಿದವನು ಅವನು; ನೀರೂರಿಸಿದ್ದು ಅವನ ನಾಲಿಗೆಯ ಗ್ರಂಥಿ. ಇವೆರಡೂ ಬೇರೆ ಬೇರೆ ಎಂಬ ವಿವೇಕ ನಮಗೆ ಸಹಜವಾಗಿಯೇ ಇದೆ.

ಆದರೆ ಇದೇ ಜಾತಿಯ ಕ್ರಿಯೆ ದೇಹದ ಇನ್ನೊಂದು ಎಡೆಯಲ್ಲಿ ನಡೆದಾಗ ಈ ವಿವೇಕ ನಮ್ಮ ಕೈಬಿಟ್ಟುಹೋಗುತ್ತದೆ. ಸೊಂಟದ ಎಲುಬಿನ ಬಟ್ಟಲಿಗೆ ತಳವಾಗಿರುವ ಸ್ನಾಯುಗಳು ಬಿಗಿದರೆ ಅದಕ್ಕೊಂದು ಅರ್ಥ, ಸಡಿಲಿದರೆ ಇನ್ನೊಂದು ಅರ್ಥ, ಮಿಡಿದರೆ ಮತ್ತೊಂದು ಅರ್ಥ. ಆ ಅರ್ಥಗಳನ್ನು ಹಿಡಿದು ಹೆಂಗಸರ ಶೀಲವನ್ನು ಅಳೆದದ್ದುಂಟು, ಮದುವೆಗಳನ್ನು ಮುರಿದದ್ದುಂಟು, ಅತ್ಯಾಚಾರ ಮಾಡಿದವರ ಪರವಾಗಿ ವಾದಿಸಿದ್ದುಂಟು. ಇಚ್ಛೆಗೆ ಪೂರ್ತಿಯಾಗಿ ಒಳಪಡದ ಅಂಗವೊಂದನ್ನು ತಂದು ಮನುಷ್ಯರ ಮನಸ್ಸಿಗೂ ನಡತೆಗೂ ಸಾಕ್ಷಿಯೆಂದು ಕಟ್ಟೆ ಹತ್ತಿಸುವುದು ನ್ಯಾಯವೆ? ಈ ಲೇಖನದ ಪ್ರಶ್ನೆ ಇದಿಷ್ಟೆ.

ಇಂಥ ವಿಷಯ ಸಂಘದ ಪತ್ರಿಕೆಗೆ ತಕ್ಕುದೆ ಎಂದು ಕೆಲವು ಹಿರಿಯರು ಹುಬ್ಬು ಗಂಟಿಕ್ಕಬಹುದು. ಹೆಣ್ಣುಮಕ್ಕಳು ಓದುವ ಪುಟಗಳಲ್ಲವೆ ಎನ್ನಬಹುದು. ಅವರು ಓದುತ್ತಾರೆಂಬುದೇ ಇದನ್ನು ಬರೆಯುವುದಕ್ಕೆ ಮುಖ್ಯವಾದ ಕಾರಣ. ಮೇಲಾಗಿ ಈ ಬಗೆಯ ಸಂಕೋಚ ಕನ್ನಡಕ್ಕೆ ಹುಟ್ಟಿನಿಂದ ಬಂದುದಲ್ಲ. ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಎಂದರೆ 11ನೆಯ ಶತಮಾನದ ಮೊದಲ ಅರ್ಧದಲ್ಲಿ, ಚಂದ್ರರಾಜನು ‘ಮದನತಿಲಕ’ವೆಂಬ ಕಾಮಶಾಸ್ತ್ರ ಗ್ರಂಥವನ್ನು ಕನ್ನಡದಲ್ಲಿಯೇ ರಚಿಸಿದನು, 15ನೆಯ ಶತಮಾನದ ಕಲ್ಲರಸನ ‘ಜನವಶ್ಯ’ ಅದೇ ಹಾದಿಯದು. ನಮ್ಮ ಕಾಲಕ್ಕೆ ಹತ್ತಿರವಾಗಿ ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ಅವರು (1934–1991) ‘ದಾಂಪತ್ಯ ದೀಪಿಕೆ’, ‘ವಧುವಿಗೆ ಕಿವಿಮಾತು’ ಮೊದಲಾದ ಪುಸ್ತಕಗಳನ್ನು ಬರೆದು ಸಾವಿರಾರು ಮನೆಗಳಿಗೆ ಉಪಕಾರ ಮಾಡಿದರು. ಹಳೆಯ ಶಾಸ್ತ್ರಕಾರರು ಸುಖದ ಲೆಕ್ಕವನ್ನು ಬರೆದರು. ಆ ವೈದ್ಯೆ ಆರೋಗ್ಯದ ಲೆಕ್ಕವನ್ನು ಬರೆದರು. ನ್ಯಾಯದ ಲೆಕ್ಕವನ್ನು ಬರೆಯುವುದು ಇನ್ನೂ ಸಾಕಷ್ಟು ಉಳಿದಿದೆ.

ಮೊದಲು ಆ ಸ್ನಾಯುಗಳ ಪರಿಚಯವಾಗಲಿ. ನಮ್ಮ ಮನೆಗಳಲ್ಲಿ ಕೂಸನ್ನು ಮಲಗಿಸುವುದಕ್ಕೆ ಹಳೆಯ ಸೀರೆಯೊಂದನ್ನು ತೊಲೆಗೆ ಕಟ್ಟಿ ಜೋಲಿ ಮಾಡುವುದನ್ನು ಎಲ್ಲರೂ ಕಂಡಿದ್ದೇವೆ. ಮುಂದೆ ಕಿಬ್ಬೊಟ್ಟೆಯ ಕೆಳಗಿನ ಎಲುಬಿನಿಂದ ಹಿಂದೆ ಬೆನ್ನುಮೂಳೆಯ ತುದಿಯವರೆಗೆ ಅಂಥದೊಂದು ಜೋಲಿ ಪ್ರತಿಯೊಬ್ಬ ಹೆಂಗಸಿನಲ್ಲಿಯೂ ಗಂಡಸಿನಲ್ಲಿಯೂ ಕಟ್ಟಿದೆ. ಮೂತ್ರಕೋಶ, ಕರುಳಿನ ಕೊನೆ, ಹೆಣ್ಣಿನಲ್ಲಿ ಗರ್ಭಕೋಶ, ಇವೆಲ್ಲ ಅದರ ಮೇಲೆ ಕುಳಿತಿವೆ. ದಾರಿಗಳು ಅದನ್ನು ಹಾಯ್ದು ಹೊರಕ್ಕೆ ಬರುತ್ತವೆ. ಇದನ್ನು ಶ್ರೋಣಿತಳದ ಸ್ನಾಯುಗಳೆಂದು ಕರೆಯೋಣ. ದೇಹದ ಬೇರೆ ಸ್ನಾಯುಗಳು ನಿದ್ರೆಯಲ್ಲಿ ಬಹುಮಟ್ಟಿಗೆ ಬಿಡುವು ಪಡೆಯುತ್ತವೆ. ಇವಕ್ಕೆ ಆ ಭಾಗ್ಯವಿಲ್ಲ. ಇರುಳೂ ಒಂದಿಷ್ಟು ಬಿಗಿಯನ್ನು ಹಿಡಿದೇ ಇರುತ್ತವೆ. ಕೆಮ್ಮು ಬರುವ ಕ್ಷಣದಲ್ಲಿ, ನಾವು ಯೋಚಿಸುವ ಮೊದಲೇ ಬಿಗಿದುಕೊಂಡು ಒಳಗಿನದನ್ನು ಕಾಯುತ್ತವೆ. ಹೆರಿಗೆಯಲ್ಲಿ ಇವುಗಳ ಒಂದು ಭಾಗ ತನ್ನ ಉದ್ದದ ಮೂರು ಪಟ್ಟಿಗಿಂತಲೂ ಹೆಚ್ಚಾಗಿ ಹಿಗ್ಗಬೇಕಾಗುತ್ತದೆಂದು ಗಣಕದ ಮಾದರಿಗಳಿಂದ ಲೆಕ್ಕ ಹಾಕಿದ್ದಾರೆ. ದೇಹದ ಮತ್ತಾವ ಸ್ನಾಯುವಿಗೂ ಇಷ್ಟು ಹಿಗ್ಗಿ ಮತ್ತೆ ಕೆಲಸಕ್ಕೆ ನಿಲ್ಲು ಎಂದು ನಾವು ಹೇಳುವುದಿಲ್ಲ.

ಸ್ಪರ್ಶಕ್ಕೆ, ನೋವಿಗೆ, ಒತ್ತಡಕ್ಕೆ ಈ ಸ್ನಾಯುಗಳು ಕೊಡುವ ಉತ್ತರ ಹೆಚ್ಚಾಗಿ ಪರಾವರ್ತಿತ ಕ್ರಿಯೆ. ಆ ಕ್ರಿಯೆಯ ತತ್ತ್ವವನ್ನು 1833ರಲ್ಲಿ ಮಾರ್ಷಲ್ ಹಾಲ್ ಎಂಬ ಆಂಗ್ಲ ವೈದ್ಯನು ಸ್ಪಷ್ಟವಾಗಿ ವಿವರಿಸಿದನು. ಸುದ್ದಿಯು ಮಿದುಳಿಗೆ ಮುಟ್ಟಿ ಅಲ್ಲಿಂದ ಅಪ್ಪಣೆ ಬರುವುದಕ್ಕೆ ಕಾಯದೆ ಬೆನ್ನುಹುರಿಯೇ ಉತ್ತರವನ್ನು ಕಳಿಸಿಬಿಡುತ್ತದೆ. ಕರ್ನೂಲಿನ ಹುಕುಮಿಗೆ ಕಾಯದೆ ಆದವಾನಿಯ ಕಚೇರಿಯೇ ಅರ್ಜಿಯನ್ನು ಇತ್ಯರ್ಥ ಮಾಡಿದ ಹಾಗೆ. ಶ್ರೋಣಿತಳದ ಕಚೇರಿ ಬೆನ್ನುಹುರಿಯ ಕೆಳತುದಿಯಲ್ಲಿ, ತ್ರಿಕಾಸ್ಥಿಯ 2ರಿಂದ 4ನೆಯ ನರಗಳು ಹೊರಡುವ ಎಡೆಯಲ್ಲಿದೆ. ಬೆನ್ನುಹುರಿ ಮೇಲ್ಭಾಗದಲ್ಲಿ ತುಂಡಾದ ರೋಗಿಯನ್ನು ನೆನೆಯಿರಿ. ಸೊಂಟದ ಕೆಳಗೆ ಅವನಿಗೆ ಏನೂ ತಿಳಿಯದು. ಏನನ್ನೂ ಅವನು ಆಡಿಸಲಾರ. ಆದರೂ ಜನನಾಂಗದ ತುದಿಯನ್ನು ವೈದ್ಯನು ಒತ್ತಿದರೆ ಕೆಳಗಿನ ಸ್ನಾಯು ಬಿಗಿಯುತ್ತದೆ. ಎಷ್ಟೋ ರೋಗಿಗಳಲ್ಲಿ ಉದ್ರೇಕವೂ ಆಗುತ್ತದೆ. ಪೆಟ್ಟು ಬಿದ್ದ ಬೆನ್ನುಹುರಿಯ ಸ್ಥಿತಿಯನ್ನು ಅರಿಯಲು ವೈದ್ಯರು ಈ ಪರೀಕ್ಷೆಯನ್ನು ಮಾಡುವುದುಂಟು. ಅಲ್ಲಿ ಬಯಕೆಯಿಲ್ಲ, ಒಪ್ಪಿಗೆಯಿಲ್ಲ, ಅರಿವೇ ಇಲ್ಲ. ಉತ್ತರ ಮಾತ್ರ ಉಂಟು. ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇಕಿಲ್ಲ.

ಇಲ್ಲಿ ಒಂದು ತೊಡಕುಂಟು. ಈ ಸ್ನಾಯುಗಳು ಹೃದಯದಂತೆ ಪೂರ್ತಿ ನಮ್ಮ ಕೈಮೀರಿದವಲ್ಲ. ಉಸಿರಿನ ಹಾಗೆ, ರೆಪ್ಪೆಯ ಹಾಗೆ, ಅರ್ಧ ತಮ್ಮ ಪಾಡಿಗೆ ನಡೆಯುತ್ತವೆ, ಅರ್ಧ ನಮ್ಮ ಮಾತು ಕೇಳುತ್ತವೆ. ಅಮೆರಿಕದ ಆರ್ನಾಲ್ಡ್ ಕೆಗೆಲ್ ಎಂಬ ಸ್ತ್ರೀರೋಗತಜ್ಞನು 1948ರಲ್ಲಿ, ಹೆರಿಗೆಯಿಂದ ಸೋತ ಈ ಸ್ನಾಯುಗಳನ್ನು ಬಿಗಿದು ಬಿಡುವ ಅಭ್ಯಾಸದಿಂದ ಮತ್ತೆ ಬಲಪಡಿಸಬಹುದೆಂದು ತೋರಿಸಿದನು. ಮೂತ್ರ ಸೋರುವ ಬಾಧೆ ನಿಂತುದರ ಜೊತೆಗೆ ದಾಂಪತ್ಯಸುಖವೂ ಹೆಚ್ಚಿತೆಂದು ಅವನ ರೋಗಿಗಳು ಹೇಳಿದರಂತೆ. ನಮ್ಮ ಹಠಯೋಗಿಗಳಿಗೆ ಇದು ಹೊಸದಲ್ಲ. 15ನೆಯ ಶತಮಾನದ ‘ಹಠಯೋಗ ಪ್ರದೀಪಿಕೆ’ಯಲ್ಲಿ ಮೂಲಬಂಧದ ವಿಧಿ ಇದೆ. ಚಿತ್ರದುರ್ಗದ ಸೀಮೆಯ ಮುಚುಕುಂದಪುರದಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ಮೈಸೂರು ಅರಮನೆಯ ಆಶ್ರಯದಲ್ಲಿದ್ದು 1934ರಲ್ಲಿ ಪ್ರಕಟಿಸಿದ ‘ಯೋಗಮಕರಂದ’ ಅಂಥ ಬಂಧಗಳನ್ನು ಕನ್ನಡದಲ್ಲಿಯೇ ತಿಳಿಸಿಕೊಟ್ಟ ಪುಸ್ತಕ. ಅರ್ಧ ವಶ, ಅರ್ಧ ಅವಶ: ಈ ಎರಡುತನವೇ ಗೊಂದಲಕ್ಕೆ ಮೂಲ. ಒಂದಿಷ್ಟು ಇಚ್ಛೆ ಇದೆಯೆಂದು ಕಂಡೊಡನೆ, ಎಲ್ಲವೂ ಇಚ್ಛೆಯೇ ಎಂದು ತೀರ್ಪು ಕೊಡುವ ಆತುರ ನಮಗೆ ಬರುತ್ತದೆ.

ಶೀಲದ ತೀರ್ಪನ್ನು ಮೊದಲು ನೋಡೋಣ, ಏಕೆಂದರೆ ಅದು ಬರಿಯ ಹರಟೆಕಟ್ಟೆಯಲ್ಲಿ ಉಳಿಯದೆ ಆಸ್ಪತ್ರೆಯ ಕಾಗದಕ್ಕೂ ಹತ್ತಿತು. ಅತ್ಯಾಚಾರಕ್ಕೆ ಒಳಗಾದ ಹೆಂಗಸನ್ನು ವೈದ್ಯರು ಎರಡು ಬೆರಳಿಟ್ಟು ಪರೀಕ್ಷಿಸಿ, ದಾರಿ ಸಡಿಲವಾಗಿದ್ದರೆ ‘ಸಂಭೋಗದ ರೂಢಿಯುಳ್ಳವಳು’ ಎಂದು ಬರೆಯುವ ಪದ್ಧತಿ ಈ ದೇಶದಲ್ಲಿ ಬಹುಕಾಲ ನಡೆಯಿತು. ಆ ವಾಕ್ಯವನ್ನು ಹಿಡಿದು ವಕೀಲರು, ಇವಳ ಮಾತನ್ನು ನಂಬುವುದು ಹೇಗೆ ಎಂದು ಕೇಳುತ್ತಿದ್ದರು. ಬೆರಳಿಗೆ ಸಿಕ್ಕುವುದಾದರೂ ಏನು? ಆ ಕ್ಷಣದಲ್ಲಿ ಆ ಸ್ನಾಯು ಎಷ್ಟು ಬಿಗಿದಿದೆ ಎಂಬುದು. ಅದು ಹೆದರಿಕೆಯಿಂದ ಬಿಗಿಯುತ್ತದೆ, ದಣಿವಿನಿಂದ ಸಡಿಲುತ್ತದೆ. ಒಬ್ಬೊಬ್ಬರಲ್ಲಿ ಹುಟ್ಟಿನಿಂದಲೇ ಒಂದೊಂದು ತೆರನಾಗಿರುತ್ತದೆ. ಅದರಿಂದ ಹಿಂದಿನ ಬಾಳನ್ನು ಓದಲಾಗದು. ಓದಲು ಬಂದಿದ್ದರೂ ಹಿಂದಿನ ಬಾಳಿಗೂ ಅಂದಿನ ಅಪರಾಧಕ್ಕೂ ಸಂಬಂಧವಿಲ್ಲ. 2013ರಲ್ಲಿ ಹರಿಯಾಣದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಪರೀಕ್ಷೆ ಹೆಣ್ಣಿನ ಘನತೆಗೂ ಖಾಸಗಿತನಕ್ಕೂ ವಿರುದ್ಧವೆಂದಿತು. 2014ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಇದನ್ನು ಕೈಬಿಡುವಂತೆ ಸೂಚನೆಗಳನ್ನು ಹೊರಡಿಸಿತು. ಅಷ್ಟಾದರೂ ನಿಲ್ಲಲಿಲ್ಲವೆಂದೇ 2022ರ ಅಕ್ಟೋಬರ್ 31ರಂದು ಜಾರ್ಖಂಡಿನ ಮೊಕದ್ದಮೆಯೊಂದರಲ್ಲಿ ಅದೇ ನ್ಯಾಯಾಲಯ, ಈ ಪರೀಕ್ಷೆ ಮಾಡುವವರು ದುರ್ನಡತೆಯ ದೋಷಿಗಳಾಗುತ್ತಾರೆಂದು ಎಚ್ಚರಿಸಬೇಕಾಯಿತು. ಒಂದು ಸ್ನಾಯುವಿನ ಮೇಲಿನ ಮೂಢನಂಬಿಕೆಯನ್ನು ಬಿಡಿಸಲು ದೇಶದ ಅತ್ಯುನ್ನತ ನ್ಯಾಯಾಲಯ ಎರಡು ಸಲ ಬಾಯಿ ತೆರೆಯಬೇಕಾದುದು ನಮ್ಮ ವಿದ್ಯಾವಂತಿಕೆಗೆ ಭೂಷಣವಲ್ಲ.

ಒಪ್ಪಿಗೆಯ ತೀರ್ಪು ಇದಕ್ಕಿಂತ ಕ್ರೂರವಾದುದು. ಏಕೆಂದರೆ ಅದು ಹೊರಗಿನವರ ಬಾಯಿಂದ ಬರುವುದಕ್ಕೆ ಮೊದಲು ನೊಂದವಳ ಮನಸ್ಸಿನೊಳಗೇ ಹುಟ್ಟುತ್ತದೆ. ಬಲಾತ್ಕಾರದ ನಡುವೆಯೂ ಕೆಲವರ ದೇಹ ತೇವಗೊಳ್ಳುವುದುಂಟು, ಸ್ನಾಯುಗಳು ಮಿಡಿಯುವುದುಂಟು. ಗಂಡುಹುಡುಗರ ಮೇಲೆ ನಡೆಯುವ ಬಲಾತ್ಕಾರದಲ್ಲಿಯೂ ಹೀಗಾಗುತ್ತದೆ. ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ರಾಯ್ ಲೆವಿನ್ ಮತ್ತು ನೆದರ್ಲೆಂಡ್ಸಿನ ವಿಲ್ಲಿ ಫಾನ್ ಬೆರ್ಲೊ ಅವರು 2004ರಲ್ಲಿ ಅಂದಿನವರೆಗಿನ ಬರಹಗಳನ್ನೆಲ್ಲ ಶೋಧಿಸಿ, ಇಂಥ ಉತ್ತರ ಉಂಟಾಯಿತೆಂಬುದರಿಂದ ಒಪ್ಪಿಗೆ ಇತ್ತೆಂದು ಹೇಳಲಾಗದೆಂಬ ನಿರ್ಣಯಕ್ಕೆ ಬಂದರು. ಈ ಸಂಗತಿ ತಿಳಿಯದೆ, ‘ನನ್ನ ಮೈಯೇ ನನಗೆ ದ್ರೋಹ ಮಾಡಿತು, ಹಾಗಾದರೆ ನಾನೇ ಕೆಟ್ಟವಳು’ ಎಂಬ ಕೊರಗನ್ನು ಮುಪ್ಪಿನವರೆಗೆ ಹೊತ್ತವರು ಎಷ್ಟು ಮಂದಿಯೋ. ಏಕಾದಶಿಯ ಉಪವಾಸಿಗೆ ಕೊಟ್ಟ ರಿಯಾಯತಿಯನ್ನು ಅವರಿಗೆ ಯಾರೂ ಕೊಡಲಿಲ್ಲ. 2013ರಲ್ಲಿ ದಂಡಸಂಹಿತೆಗೆ ಆದ ತಿದ್ದುಪಡಿ ಒಪ್ಪಿಗೆಯೆಂದರೆ ಮಾತಿನಿಂದಲೋ ಸನ್ನೆಯಿಂದಲೋ ಸಂಶಯವಿಲ್ಲದಂತೆ ತೋರಿಸಿದ ಸ್ವಂತ ಸಮ್ಮತಿ ಎಂದು ವಿವರಿಸಿತು. ಎದುರಿಸಿ ಹೋರಾಡಲಿಲ್ಲವೆಂಬ ಒಂದೇ ಕಾರಣಕ್ಕೆ ಒಪ್ಪಿದಳೆಂದು ತಿಳಿಯಬಾರದೆಂದೂ ಸೇರಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಈ ವಿವರಣೆ ಇದೆ. ಆದರೆ ಹದಿನೆಂಟು ದಾಟಿದ ಹೆಂಡತಿಯ ಮಟ್ಟಿಗೆ ಗಂಡನಿಗೆ ಇದ್ದ ವಿನಾಯಿತಿಯೂ ಅದರಲ್ಲಿ ಹಾಗೆಯೇ ಇದೆ. ಈ ವಿನಾಯಿತಿಯನ್ನು ನಾನು ಒಪ್ಪಲಾರೆ. ಅದರ ಕಾರಣ ಮುಂದಿನ ಮಾತಿನಿಂದ ತಿಳಿಯುತ್ತದೆ.

ಈಗ ಮನೆಯೊಳಕ್ಕೆ ಬರೋಣ. ಆದವಾನಿ, ಆಲೂರು, ಕೌತಾಳದ ಕಡೆಯ ಯಾವುದಾದರೂ ಒಂದು ಊರು ಎಂದಿಟ್ಟುಕೊಳ್ಳಿ. ಮದುವೆಯಾಗಿದೆ, ಸೋಬನವಾಗಿದೆ. ಹುಡುಗಿ ಗಂಡನನ್ನು ಮೆಚ್ಚಿದ್ದಾಳೆ, ಅವನೂ ಒರಟನಲ್ಲ. ಆದರೆ ಅವನು ಹತ್ತಿರ ಬಂದೊಡನೆ ಅವಳ ಶ್ರೋಣಿತಳ ಗೋಡೆ ಕಟ್ಟಿದಂತೆ ಮುಚ್ಚಿಕೊಳ್ಳುತ್ತದೆ. ತೊಡೆ ನಡುಗುತ್ತದೆ, ನೋವಿಗೆ ಕಣ್ಣೀರು ಬರುತ್ತದೆ. ತಿಂಗಳು ಕಳೆಯುತ್ತದೆ, ವರ್ಷ ಕಳೆಯುತ್ತದೆ. ಅತ್ತೆ ಕೇಳುತ್ತಾಳೆ: ‘ಏನವ್ವಾ, ಇನ್ನೂ ಏನೂ ವಿಶೇಷ ಇಲ್ವಾ?’ ಮಾತು ಬೆಳೆಯುತ್ತದೆ. ಹುಡುಗಿಗೆ ಬೇರೆಲ್ಲಿಯೋ ಮನಸ್ಸಿತ್ತು ಎನ್ನುವವರು ಕೆಲವರು, ಗಾಳಿ ಸೋಂಕಿದೆ ಎನ್ನುವವರು ಕೆಲವರು. ಕೊನೆಗೆ ಅವಳನ್ನು ತವರಿಗೆ ಕಳಿಸುತ್ತಾರೆ. ಈ ಕಥೆಯಲ್ಲಿ ದುಷ್ಟರು ಯಾರೂ ಇಲ್ಲದಿರಬಹುದು. ಒಂದು ಸ್ನಾಯುವಿನ ಮಾತನ್ನು ತಪ್ಪಾಗಿ ಓದಿದವರು ಮಾತ್ರ ಇದ್ದಾರೆ. ‘ಮನಸ್ಸಿದ್ದರೆ ಮೈ ಒಪ್ಪುತ್ತಿತ್ತು’ ಎಂಬುದು ಅವರ ತರ್ಕ. ಸಾಮಾನ್ಯ ಸಂಸಾರಗಳಲ್ಲಿ ಅತ್ಯಂತ ಹೆಚ್ಚು ಕೇಡು ಮಾಡಿದ ತರ್ಕಗಳಲ್ಲಿ ಇದೊಂದು.

ವೈದ್ಯರೂ ಇದನ್ನು ಬಹುಕಾಲ ತಪ್ಪಾಗಿಯೇ ಓದಿದರು. ಈ ಬಾಧೆಗೆ 1860ರ ಸುಮಾರಿನಲ್ಲಿ ಹೆಸರಿಟ್ಟವನು ಅಮೆರಿಕದ ಮೇರಿಯನ್ ಸಿಮ್ಸ್. ಕತ್ತರಿಸಿ ದಾರಿ ಬಿಡಿಸುವುದೇ ಅವನು ಕಂಡ ಚಿಕಿತ್ಸೆ. 1840ರ ದಶಕದಲ್ಲಿ ಅಲಬಾಮದ ಗುಲಾಮ ಹೆಂಗಸರ ಮೇಲೆ, ಅರಿವಳಿಕೆ ಕೊಡದೆ, ಮತ್ತೆ ಮತ್ತೆ ಶಸ್ತ್ರ ಪ್ರಯೋಗಿಸಿ ಕೀರ್ತಿ ಪಡೆದವನು ಇವನೇ ಎಂಬುದನ್ನು ಮರೆಯಬಾರದು. ದೇಹದ ಬೇಡವೆಂಬ ಕೂಗನ್ನು ಕೇಳದಿರುವ ಅಭ್ಯಾಸ ಅವನಿಗೆ ಹಿಂದಿನಿಂದಲೇ ಇತ್ತು. ಸುಮಾರು 140 ವರ್ಷಗಳ ತರುವಾಯ, 2001ರಲ್ಲಿ, ನೆದರ್ಲೆಂಡ್ಸಿನ ಸಂಶೋಧಕರು ಒಂದು ಸರಳವಾದ ಪ್ರಯೋಗ ಮಾಡಿದರು. ಈ ಬಾಧೆಯಿರುವ ಹೆಂಗಸರಿಗೂ ಇಲ್ಲದ ಹೆಂಗಸರಿಗೂ ಚಲನಚಿತ್ರದ ತುಣುಕುಗಳನ್ನು ತೋರಿಸಿ, ಆಗ ಅವರ ಶ್ರೋಣಿತಳದ ಸ್ನಾಯುಗಳಲ್ಲಿ ಏನಾಗುತ್ತದೆಂದು ಯಂತ್ರದಿಂದ ಅಳೆದರು. ಹೆದರಿಸುವ ದೃಶ್ಯ ಬಂದಾಗ ಎಲ್ಲರಲ್ಲಿಯೂ ಆ ಸ್ನಾಯು ಬಿಗಿಯಿತು. ದೃಶ್ಯದಲ್ಲಿ ಕಾಮದ ಸುಳಿವೇ ಇಲ್ಲದಿದ್ದರೂ ಬಿಗಿಯಿತು. ಅದೇ ವೇಳೆಗೆ ಹೆಗಲಿನ ಸ್ನಾಯುವೂ ಬಿಗಿಯಿತು. ಎರಡು ಗುಂಪಿಗೂ ಇದರಲ್ಲಿ ಭೇದ ಕಾಣಲಿಲ್ಲ. ಅಂಜಿದಾಗ ಹೆಗಲು ಕುಗ್ಗಿಸುವ ಹಾಗೆ ಕೆಳಗಿನ ಬಾಗಿಲನ್ನು ಮುಚ್ಚುವುದು ದೇಹದ ಸಾಮಾನ್ಯ ರಕ್ಷಣಾಕ್ರಮ ಎಂದಾಯಿತು. ಅದು ಗಂಡನ ಮೇಲಿನ ತೀರ್ಪಲ್ಲ, ಮದುವೆಯ ಮೇಲಿನ ತೀರ್ಪೂ ಅಲ್ಲ. ಆಳದಲ್ಲಿ ಎಲ್ಲಿಯೋ ಅಂಜಿಕೆಯಿದೆ. ಅದರ ಮೂಲ ಮೊದಲ ನೋವಿನ ನೆನಪಿರಬಹುದು, ಬಾಲ್ಯದ ಏಟಿರಬಹುದು, ಗೆಳತಿಯರು ಪಿಸುಗುಟ್ಟಿದ ಕಥೆಯಿರಬಹುದು, ಬಾಗಿಲ ಹೊರಗೆ ಬಂಧುಗಳು ಕಾದು ಕುಳಿತ ಆ ಇರುಳೇ ಇರಬಹುದು.

ಆದ್ದರಿಂದ ದೇಹ ಮೂಗವೆಂದು ನಾನು ವಾದಿಸುತ್ತಿಲ್ಲ. ಅದು ಏನನ್ನೋ ಹೇಳುತ್ತದೆ. ‘ನಾನು ಅಂಜಿದ್ದೇನೆ’ ಎನ್ನುತ್ತದೆ. ‘ನಾನು ಇವನನ್ನು ಒಲ್ಲೆ’ ಎಂಬ ವಾಕ್ಯ ಮಾತ್ರ ಅದಕ್ಕೆ ಬಾರದು. ‘ನನ್ನನ್ನು ಮುಟ್ಟಿದರು’ ಎನ್ನುತ್ತದೆ. ‘ನಾನು ಒಪ್ಪಿದೆ’ ಎಂಬುದು ಅದರ ವ್ಯಾಕರಣದಲ್ಲಿಲ್ಲ. ಸಾಕ್ಷಿ ಹೇಳಿದ್ದಕ್ಕಿಂತ ಹೆಚ್ಚನ್ನು ಅವನ ಬಾಯಲ್ಲಿ ತುರುಕುವುದು ನ್ಯಾಯಸ್ಥಾನದಲ್ಲಿ ಅಪರಾಧ. ಮನೆಯಲ್ಲಿ ಮಾತ್ರ ಅದನ್ನು ಅನುಭವದ ಜಾಣತನವೆನ್ನುತ್ತೇವೆ.

ಇದೇ ಅನ್ಯಾಯ ಗಂಡಿಗೂ ತಪ್ಪಿದ್ದಲ್ಲ. ಅವನ ಅಂಗದ ಬಿಗುವಿಗೂ ಇದೇ ಜೋಲಿಯ ಮುಂಭಾಗದ ಸ್ನಾಯುಗಳು ನೆರವಾಗುತ್ತವೆ. ಅವುಗಳ ಮಿಡಿತದಿಂದಲೇ ಒಳಗಿನ ಒತ್ತಡ ಏರುತ್ತದೆ. ಅಂಜಿಕೆ ಬಂದರೆ ರಕ್ತ ಹಿಂದೆಗೆಯುತ್ತದೆ. ಒಂದು ರಾತ್ರಿ ಹಾಗಾದರೆ ಮರುರಾತ್ರಿಯ ಅಂಜಿಕೆಗೆ ಅದೇ ಸಾಲುತ್ತದೆ. ‘ನೀನು ಗಂಡಸಲ್ಲ’ ಎಂಬ ಮಾತು ಅವನ ಕಿವಿಗೆ ಬೀಳುವುದಕ್ಕೆ ಮೊದಲೇ ಅವನ ಎದೆಯಲ್ಲಿ ಹುಟ್ಟಿರುತ್ತದೆ. ಬಸ್ ನಿಲ್ದಾಣದ ಗೋಡೆಗಳ ಮೇಲೆ ‘ಗುಪ್ತರೋಗ’ದ ಹೆಸರಿನಲ್ಲಿ ಬರೆಸಿದ ಜಾಹೀರಾತುಗಳೆಲ್ಲ ಈ ಅಂಜಿಕೆಯ ದುಡ್ಡಿನಿಂದ ಬರೆಸಿದವು. 1955ರ ಹಿಂದೂ ವಿವಾಹ ಕಾಯಿದೆಯ 12ನೆಯ ಪ್ರಕರಣ, ನಪುಂಸಕತ್ವದಿಂದ ದಾಂಪತ್ಯ ಕೂಡಿಬರದಿದ್ದರೆ ಮದುವೆಯನ್ನು ರದ್ದುಪಡಿಸಲು ಹೆಂಡತಿಗೂ ಗಂಡನಿಗೂ ಅವಕಾಶ ಕೊಟ್ಟಿದೆ. ಕೂಡಲಾರದವರು ಬೇರ್ಪಡಲು ದಾರಿಯಿರುವುದು ಒಳ್ಳೆಯದೇ. ಆದರೆ ಆ ಬಾಗಿಲಿಗೆ ಹೋಗುವವರಲ್ಲಿ ಎಷ್ಟೋ ಮಂದಿಯ ಬಾಧೆ ಕೆಲವು ತಿಂಗಳ ತಿಳಿವಳಿಕೆ, ಅಭ್ಯಾಸಗಳಿಂದ ವಾಸಿಯಾಗತಕ್ಕದ್ದು ಎಂಬುದನ್ನು ಅವರಿಗೆ ಯಾರಾದರೂ ಹೇಳಿರಬೇಕಷ್ಟೆ.

ಇಲ್ಲಿ ಒಂದು ಬಲವಾದ ಆಕ್ಷೇಪ ಬರುತ್ತದೆ. ದೇಹದ ವರ್ತನೆಗೆ ಯಾರೂ ಹೊಣೆಯಲ್ಲವೆಂದರೆ ಧರ್ಮಕ್ಕೆ ನೆಲೆಯೆಲ್ಲಿ? ಕಾಮುಕನೂ ‘ನಾನಲ್ಲ, ನನ್ನ ನರಗಳು’ ಎಂದು ಜಾರಿಕೊಳ್ಳಬಹುದಲ್ಲ? ಈ ಪ್ರಶ್ನೆಯನ್ನು ನಮ್ಮ ನಾಡು ಚೆನ್ನಾಗಿ ಬಲ್ಲದು. ನೆರೆಯ ಮಂತ್ರಾಲಯದಲ್ಲಿ 1671ರಲ್ಲಿ ವೃಂದಾವನಸ್ಥರಾದ ರಾಘವೇಂದ್ರ ಸ್ವಾಮಿಗಳು ಬ್ರಹ್ಮಸೂತ್ರಗಳಿಗೆ ‘ತಂತ್ರದೀಪಿಕೆ’ಯನ್ನೂ ಗೀತೆಗೆ ವಿವೃತಿಯನ್ನೂ ಬರೆದವರು. ಅವರ ಪರಂಪರೆಯ ಮೂಲಾಚಾರ್ಯರಾದ ಮಧ್ವರು ಜೀವನ ಕರ್ತೃತ್ವವನ್ನು ಅಲ್ಲಗಳೆಯಲಿಲ್ಲ. ಅದು ನಿಜವಾದ ಕರ್ತೃತ್ವವೇ, ಆದರೆ ಪರಾಧೀನವಾದುದು ಎಂದರು. ಸೂತ್ರದಲ್ಲಿ ಬರುವ ಬಡಗಿಯ ದೃಷ್ಟಾಂತವನ್ನು ಅವರು ಹೀಗೆ ತಿಳಿದರು: ಬಡಗಿ ಕೆಲಸ ಮಾಡಿಸುವವನ ಅಧೀನನಾಗಿದ್ದರೂ ಕೆಲಸ ಮಾಡುವವನು ಅವನೇ. ಗೀತೆಯ 18ನೆಯ ಅಧ್ಯಾಯವೂ ಕರ್ಮಕ್ಕೆ ಐದು ಕಾರಣಗಳನ್ನು ಎಣಿಸುವಾಗ ಕರ್ತೃವನ್ನು ಒಬ್ಬನೇ ನಿಲ್ಲಿಸುವುದಿಲ್ಲ. ದೇಹವನ್ನೂ ಕರಣಗಳನ್ನೂ ಬಗೆಬಗೆಯ ಚೇಷ್ಟೆಗಳನ್ನೂ ದೈವವನ್ನೂ ಅವನ ಜೊತೆಗೆ ಹೇಳುತ್ತದೆ. ಬಡಗಿಯ ಉಪಮಾನವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬಹುದೆಂದು ನನಗೆ ತೋರುತ್ತದೆ (ಈ ವಿಸ್ತರಣೆ ನನ್ನದು, ಭಾಷ್ಯಕಾರರ ತಲೆಗೆ ಕಟ್ಟಬಾರದು). ಬಡಗಿಯ ಕೈಯಲ್ಲಿರುವ ಮರಕ್ಕೂ ತನ್ನದೇ ಆದ ನಾರಿನ ಓಟವಿರುತ್ತದೆ. ಆ ಓಟಕ್ಕೆ ಅವನು ಹೊಣೆಯಲ್ಲ. ಅದನ್ನು ನೋಡಿ ಉಳಿ ಹಿಡಿದನೆ, ನೋಡದೆ ಬಡಿದು ಹಲಗೆಯನ್ನು ಸೀಳಿದನೆ, ಇದಕ್ಕೆ ಹೊಣೆ.

ಹೀಗೆ ನೋಡಿದರೆ ಕಾಮುಕನಿಗೆ ದಾರಿ ಸಿಕ್ಕುವುದಿಲ್ಲ. ಉದ್ರೇಕ ಅವನ ತಪ್ಪಲ್ಲದಿರಬಹುದು. ಮತ್ತೊಬ್ಬರ ಮೇಲೆ ಕೈಯಿಟ್ಟದ್ದು ಪರಾವರ್ತಿತ ಕ್ರಿಯೆಯಲ್ಲ. ಕೈ, ಕಾಲು, ನಾಲಿಗೆ ಮಿದುಳಿನ ಅಪ್ಪಣೆಯಿಂದ ನಡೆಯತಕ್ಕವು. ಹೆಂಡತಿಯ ಮೈ ಮುಚ್ಚಿಕೊಂಡಾಗ ಅವಳು ಯಾವ ತಪ್ಪನ್ನೂ ಮಾಡಿರುವುದಿಲ್ಲ. ಆದರೆ ಅದನ್ನು ಕಂಡ ಮೇಲೂ ಗಂಡ ಮುಂದುವರಿದರೆ, ಅವನು ಮಾಡಿದ್ದು ಪೂರ್ಣಾರ್ಥದಲ್ಲಿ ಒಂದು ಕರ್ಮ. ಒಬ್ಬರಲ್ಲಿ ಅನೈಚ್ಛಿಕವಾದುದು ಇನ್ನೊಬ್ಬರಲ್ಲಿ ಕರ್ತವ್ಯವನ್ನು ಹುಟ್ಟಿಸುತ್ತದೆ. ಕಾಯಿದೆ ಗಂಡನಿಗೆ ಕೊಟ್ಟಿರುವ ವಿನಾಯಿತಿಯನ್ನು ನಾನು ಒಪ್ಪದಿರುವುದು ಇದಕ್ಕಾಗಿ: ಎಲ್ಲಿ ಅವನ ಹೊಣೆ ಅತ್ಯಂತ ಹತ್ತಿರದಲ್ಲಿದೆಯೋ ಅಲ್ಲಿಯೇ ಅದು ಅವನನ್ನು ಹೊಣೆಯಿಂದ ಬಿಡಿಸುತ್ತದೆ.

ಹಠಯೋಗದ ಅಭಿಮಾನಿಗಳು ಇನ್ನೊಂದು ಮಾತು ಹೇಳಬಹುದು: ಅಭ್ಯಾಸದಿಂದ ಎಲ್ಲವನ್ನೂ ವಶಪಡಿಸಿಕೊಳ್ಳಬಹುದಾದ್ದರಿಂದ ವಶವಾಗದಿರುವುದು ಸಾಧಕನ ಸೋಮಾರಿತನವಲ್ಲವೆ? ಮೂಲಬಂಧವನ್ನು ಶ್ರದ್ಧೆಯಿಂದ ಕಲಿತವರು ಹೀಗೆ ಹೇಳಲಾರರು. ಬಂಧವೆಂದ ಮೇಲೆ ಬಿಡುಗಡೆಯೂ ಅದರ ಅಂಗ. ಈ ಸ್ನಾಯುಗಳನ್ನು ಚಿಕಿತ್ಸೆಗೆ ಒಳಪಡಿಸುವ ಇಂದಿನ ತಜ್ಞರು, ಸೋತು ಸಡಿಲವಾದವರಿಗೆ ಬಿಗಿಯುವುದನ್ನೂ ಅಂಜಿ ಬಿಗಿದವರಿಗೆ ಬಿಡುವುದನ್ನೂ ಕಲಿಸುತ್ತಾರೆ. ಎರಡನೆಯವರಿಗೆ ಕೆಗೆಲನ ಅಭ್ಯಾಸವನ್ನು ಕುರುಡಾಗಿ ಹೇಳಿಕೊಟ್ಟರೆ ನೋವು ಹೆಚ್ಚುವುದುಂಟು. ಬಿಡುವುದನ್ನು ಕಲಿಸಲು ಗದರಿಕೆ ಕೆಲಸಕ್ಕೆ ಬಾರದು. ‘ಸಡಿಲವಾಗು’ ಎಂದು ಕೂಗಿದರೆ ಸ್ನಾಯು ಇನ್ನಷ್ಟು ಬಿಗಿಯುತ್ತದೆ. ನೀಳವಾದ ಉಸಿರು, ಬೆಚ್ಚಗಿನ ನೀರು, ತನ್ನ ಮೈಯನ್ನು ತಾನೇ ಮೊದಲು ಅರಿಯುವ ಅಭ್ಯಾಸ, ನೋವಾದೊಡನೆ ನಿಲ್ಲಿಸುತ್ತಾನೆಂಬ ಭರವಸೆ: ಚಿಕಿತ್ಸೆ ಬಹುಮಟ್ಟಿಗೆ ಇಷ್ಟೆ. ಕರ್ತೃತ್ವ ಇಲ್ಲಿ ಅಪ್ಪಣೆಯ ರೂಪದಲ್ಲಿಲ್ಲ, ಓಲೈಕೆಯ ರೂಪದಲ್ಲಿದೆ. ಗೂಳಿಯನ್ನು ಪಳಗಿಸಿದ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕೊನೆಯದಾಗಿ ನಮ್ಮ ಸೀಮೆಯ ಒಂದು ಸಂಗತಿ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದ ಮೇಲೆ ಇಲ್ಲಿಯ ಕನ್ನಡಿಗರು ಶಾಲೆ, ಕಚೇರಿ, ಫಲಕಗಳಲ್ಲಿ ಭಾಷೆಗಾಗಿ ಮೊರೆಯಿಟ್ಟರು; ಅದು ಯುಕ್ತವೇ. ಆದರೆ ಭಾಷೆಯ ಕೊರತೆ ಅತ್ಯಂತ ನೋಯಿಸುವ ಎಡೆಯೊಂದನ್ನು ಯಾವ ಮನವಿಯಲ್ಲಿಯೂ ನಾನು ಕಂಡಿಲ್ಲ. ಹತ್ತಿ ಬಿಡಿಸುವ ಹೊಲದಿಂದ, ಮೆಣಸಿನಕಾಯಿ ಕೊಯ್ಲಿಗೆಂದು ಗುಂಟೂರಿಗೆ ಗುಳೆ ಹೋಗಿ ಬಂದ ಕೂಲಿಯಿಂದ, ಬಾಣಂತನ ಮುಗಿಯುವ ಮುನ್ನವೇ ಹೊತ್ತ ನೀರಿನ ಕೊಡದಿಂದ, ಶ್ರೋಣಿತಳ ಸೋತ ಹೆಂಗಸರು ನಮ್ಮಲ್ಲಿ ಕಡಮೆಯಿಲ್ಲ. ಕೆಮ್ಮಿದರೆ ಸೀರೆ ಒದ್ದೆಯಾಗುತ್ತದೆ, ಗರ್ಭಕೋಶ ಜಾರುತ್ತದೆ, ಗಂಡನ ಸಂಗ ಬೇಡವಾಗುತ್ತದೆ, ಬೇಡವಾದುದಕ್ಕೆ ಬೈಗುಳ ಸಿಗುತ್ತದೆ. ಆಸ್ಪತ್ರೆಗೆ ಹೋದರೆ ಗರ್ಭಕೋಶವನ್ನೇ ತೆಗೆಸಿಕೊಳ್ಳುವ ಸಲಹೆ ಬೇಗ ಬರುತ್ತದೆ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರ ಪೈಕಿ ಗರ್ಭಕೋಶ ತೆಗೆಸಿಕೊಂಡವರ ಪ್ರಮಾಣ ಆಂಧ್ರಪ್ರದೇಶದಲ್ಲಿ ನೂರಕ್ಕೆ ಸುಮಾರು ಒಂಬತ್ತು, ದೇಶದಲ್ಲಿಯೇ ಹೆಚ್ಚು. ಕೂಸನ್ನು ಎತ್ತಿಕೊಂಡ ಮಾತ್ರಕ್ಕೆ ಹರಿದ ಜೋಲಿ ನೇಯ್ದುಕೊಳ್ಳುವುದಿಲ್ಲವೆಂದು ಅವರಿಗೆ ಹೇಳಿದವರು ಎಷ್ಟು ಜನ?

ಮನೆಯಲ್ಲಿ ಅವಳ ಮಾತು ಕನ್ನಡ. ವೈದ್ಯರು ಕೇಳುವುದು ತೆಲುಗಿನಲ್ಲಿ. ಚೀಟಿ ಬರೆಯುವುದು ಇಂಗ್ಲಿಷಿನಲ್ಲಿ. ಜೊತೆಗೆ ಬಂದ ಮಗಳೋ ಸೊಸೆಯೋ ನಡುವೆ ನಿಂತು ದುಭಾಷಿಯಾಗಬೇಕು. ಮೂತ್ರ ಸೋರುವುದನ್ನು ಹೇಗೋ ಹೇಳುತ್ತಾರೆ. ‘ಅವರು ಹತ್ತಿರ ಬಂದರೆ ಮೈ ಬಿಗಿಯುತ್ತದೆ, ನೋಯುತ್ತದೆ’ ಎಂಬುದನ್ನು ಅತ್ತೆ ಸೊಸೆಗೆ ಹೇಳಲಾರಳು. ಹೇಳಿದರೂ ಸೊಸೆಯ ಬಳಿ ಅದಕ್ಕೆ ತೆಲುಗು ಶಬ್ದವಿಲ್ಲ, ಅತ್ತೆಯ ಬಳಿ ಕನ್ನಡ ಶಬ್ದವೂ ಇಲ್ಲ. ‘ನಡು ನೋವು’ ಎಂದು ಹೇಳಿ ಇಬ್ಬರೂ ಸುಮ್ಮನಾಗುತ್ತಾರೆ. ವೈದ್ಯರು ನಡುನೋವಿನ ಮಾತ್ರೆಯನ್ನು ಬರೆದುಕೊಡುತ್ತಾರೆ.